ನೀನು, ನೀವು ಮತ್ತು ಕಾಸಿಮೇಡಿನ ಜರ್ಮನ್ ಪಾಠ

ಮೊದಲು ನನ್ನ ಎಡವಟ್ಟನ್ನು ಹೇಳಿಬಿಡುತ್ತೇನೆ.

ನಮ್ಮ ಪ್ರಾಜೆಕ್ಟಿನ ಕ್ಲೈಂಟ್ ಜರ್ಮನಿಯವರು. ಒಂದು ರಾತ್ರಿ ಸರ್ವರ್ ಕೈಕೊಟ್ಟು ಎಲ್ಲರೂ ಒದ್ದಾಡುತ್ತಿದ್ದಾಗ, ಆ ಕಡೆಯ ವಿಭಾಗದ ಮುಖ್ಯಸ್ಥರು ತಾವೇ ಕೂತು ನಮ್ಮ ಜೊತೆ ಲಾಗ್ ನೋಡಿ ದಾರಿ ತೋರಿಸಿದರು. ಅರವತ್ತರ ಹತ್ತಿರದ ವಯಸ್ಸು, ಮಾತು ಕಮ್ಮಿ. ಬೆಳಿಗ್ಗೆ ನನಗೆ ಉತ್ಸಾಹ ಉಕ್ಕಿತು. ಮೊಬೈಲಿನ ಆ್ಯಪ್ ಒಂದರಲ್ಲಿ ಎರಡು ವಾರ ಕಲಿತಿದ್ದ ಜರ್ಮನ್ ತೆಗೆದು ಮೇಲ್‌ನ ಕೊನೆಗೆ ಒಂದು ಸಾಲು ಸೇರಿಸಿದೆ: ‘ಡಾಂಕೆ ಫ್ಯೂರ್ ದೈನೆ ಹಿಲ್ಫೆ’. ನಿಮ್ಮ ಸಹಾಯಕ್ಕೆ ಧನ್ಯವಾದ ಅಂದೆ ಅಂತ ನನ್ನ ಭಾವನೆ.

ಅರ್ಧ ಗಂಟೆಗೆ ಪುಣೆ ಆಫೀಸಿನ ಗೆಳೆಯನ ಫೋನು. ಹುಬ್ಬಳ್ಳಿಯವನು, ಜರ್ಮನಿಯಲ್ಲಿ ಮೂರು ವರ್ಷ ಇದ್ದು ಬಂದವನು. “ಲೇ, ಆ ಮನಶ್ಯಾಗ ‘ನಿನ್ನ ಸಹಾಯಕ್ಕ ಥ್ಯಾಂಕ್ಸೋ’ ಅಂತ ಬರದೀಯಲ್ಲೋ! ‘ದೈನೆ’ ಅಂದ್ರ ನಿನ್ನ. ‘ಈರೆ’ ಅನ್ನಬೇಕಿತ್ತು.”

ಆ ಮುಖ್ಯಸ್ಥರೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಇಂಗ್ಲಿಷಿನಲ್ಲಿ ಎರಡು ಸಾಲಿನ ಸೌಜನ್ಯದ ಉತ್ತರ ಬಂತು. ಆದರೆ ನನಗೆ ಕಿವಿ ಬಿಸಿಯಾಯಿತು. ಕುಂದಾಪುರದ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಹೈಸ್ಕೂಲಿನ ಮೇಷ್ಟ್ರಿಗೆ ಒಂದು ದಿನವೂ ಏಕವಚನ ಆಡದೆ ಬೆಳೆದವನು ನಾನು. ಎಂಸಿಎ ಮುಗಿಸಿ, ಮೂವತ್ತೆಂಟನೇ ವಯಸ್ಸಿನಲ್ಲಿ, ಅಪ್ಪನ ವಯಸ್ಸಿನವರಿಗೆ ‘ನೀನು’ ಅಂದುಬಿಟ್ಟಿದ್ದೆ. ಆವತ್ತೇ ತೀರ್ಮಾನಿಸಿದೆ: ಜರ್ಮನ್ ಕಲಿಯುವುದಾದರೆ ಮೊದಲು ಈ ನಾನು, ನೀನು, ಅವನು, ಅವಳು ಸರಿಯಾಗಬೇಕು.

ಮಹಡಿಯ ಮೇಲಿನ ಕ್ಲಾಸು

ನಾವಿರುವುದು ಚೆನ್ನೈನ ಉತ್ತರಕ್ಕೆ, ಕಾಸಿಮೇಡಿನಲ್ಲಿ. ಐಟಿಯವರೆಂದರೆ ಓಎಂಆರ್ ಅಂದುಕೊಳ್ಳುವವರಿಗೆ ಇದು ಆಶ್ಚರ್ಯ. ಹೆಂಡತಿಗೆ ಇಲ್ಲೇ ಹತ್ತಿರದಲ್ಲಿ ಕೆಲಸ, ನನಗೆ ವಾರಕ್ಕೆ ಎರಡೇ ದಿನ ಆಫೀಸು. ಅದಕ್ಕಿಂತ ದೊಡ್ಡ ಕಾರಣ ಮೀನು. ಕರಾವಳಿಯವರಿಗೆ ಬೆಳಗಿನ ಜಾವ ಬಂದರಿನಲ್ಲಿ ದೋಣಿಯಿಂದ ಇಳಿದ ಮೀನು ಕೈಗೆ ಸಿಗುವ ಜಾಗ ಬಿಟ್ಟು ಬೇರೆ ಕಡೆ ಮನಸ್ಸು ನಿಲ್ಲುವುದಿಲ್ಲ. 1856ರಲ್ಲಿ ಶುರುವಾದ ರಾಯಪುರಂ ರೈಲು ನಿಲ್ದಾಣ, ದಕ್ಷಿಣ ಭಾರತದ ಮೊದಲನೆಯದು, ನಮ್ಮಿಂದ ದೂರವಿಲ್ಲ. ಊರಿನ ಅಂಜಲ್ ಇಲ್ಲಿ ವಂಜಿರಂ ಆಗುತ್ತದೆ, ಬಂಗುಡೆ ಕಾನಾಂಗೆಳುತ್ತಿ ಆಗುತ್ತದೆ. ರುಚಿ ಅದೇ.

ಮನೆ ಓನರ್ ಅಕ್ಕ ಬಂದರಿನಲ್ಲಿ ಮೀನು ಮಾರುತ್ತಾರೆ. ನಸುಕಿಗೆ ಏಲಂ ಕೂಗುವ ಕಡೆ ಹೋಗಿ ಬುಟ್ಟಿ ಹಿಡಿದು, ಆಮೇಲೆ ಮಾರಾಟಕ್ಕೆ ಕೂರುವವರು. ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಒಬ್ಬಳೇ ಮಗಳು, ಇಪ್ಪತ್ಮೂರು ವಯಸ್ಸು, ಬಿಎಸ್‌ಸಿ ನರ್ಸಿಂಗ್ ಮುಗಿಸಿದ್ದಾಳೆ. ಜರ್ಮನಿಗೆ ನರ್ಸ್ ಆಗಿ ಹೋಗಬೇಕೆಂಬುದು ಅವಳ ಹಟ. ಅಲ್ಲಿ ನರ್ಸ್ ಕೆಲಸದ ಮಾನ್ಯತೆಗೆ ಸಾಮಾನ್ಯವಾಗಿ ಬಿ2 ಮಟ್ಟದ ಭಾಷೆ ಕೇಳುತ್ತಾರೆ. ಎ1, ಎ2, ಬಿ1, ಬಿ2, ಸಿ1, ಸಿ2 ಎಂದು ಯುರೋಪಿನವರು ಭಾಷಾಕಲಿಕೆಗೆ ಆರು ಮೆಟ್ಟಿಲು ಮಾಡಿದ್ದಾರೆ. ಅವಳು ಆಗ ಮೂರನೆಯದರಲ್ಲಿದ್ದಳು, ನಾನು ಮೊದಲನೆಯದರ ಹೊಸಿಲಲ್ಲಿ.

ಸಂಜೆ ಮಹಡಿಯ ಮೇಲೆ ಬಟ್ಟೆ ಒಣಗಿಸುವ ಹಗ್ಗದ ಕೆಳಗೆ ನಮ್ಮ ಕ್ಲಾಸು. ನಾನು ಅವಳಿಗೆ ಕಂಪ್ಯೂಟರಿನಲ್ಲಿ ಅರ್ಜಿ ತುಂಬಲು, ಬಯೋಡೇಟಾ ಮಾಡಲು ಸಹಾಯ ಮಾಡುವುದು. ಅವಳು ನನಗೆ ಪಾಠ ಹೇಳುವುದು. ನನಗಿಂತ ಹದಿನೈದು ವರ್ಷ ಚಿಕ್ಕ ಗುರು. ನಾನು ಅವಳಿಗೆ ತಮಿಳಿನಲ್ಲಿ ‘ನೀ’ ಅನ್ನುತ್ತೇನೆ, ಅವಳು ನನಗೆ ‘ಅಣ್ಣಾ, ನೀಂಗ’ ಅನ್ನುತ್ತಾಳೆ.

ಜೀ, ಜೀ ಮತ್ತು ಜೀ

ಮೊದಲ ಪಾಠ ಸುಲಭ. ಇಷ್ ಅಂದರೆ ನಾನು. ಕೊನೆಯ ಉಚ್ಚಾರ ‘ಷ’ವೂ ಅಲ್ಲ, ‘ಖ’ವೂ ಅಲ್ಲ, ನಗುತ್ತಾ ಉಸಿರು ಬಿಟ್ಟ ಹಾಗೆ. ದೂ ಅಂದರೆ ನೀನು. ಏರ್ ಅವನು, ಜೀ ಅವಳು, ಎಸ್ ಅದು. ವೀರ್ ಅಂದರೆ ನಾವು. ಈರ್ ಅಂದರೆ ನೀವುಗಳು, ಎದುರಿಗಿರುವ ಗೆಳೆಯರಿಗೆಲ್ಲ ಸೇರಿಸಿ. ಜೀ ಅಂದರೆ ಅವರುಗಳು. ಕೊನೆಗೆ ಮತ್ತೊಂದು ಜೀ, ಗೌರವದ ನೀವು.

ಇಲ್ಲಿ ನಾನು ಕೈ ಎತ್ತಿದೆ. ಅವಳು, ಅವರು, ನೀವು, ಮೂರಕ್ಕೂ ಒಂದೇ ಜೀ ಆದರೆ ಯಾರ ಮಾತು ಅಂತ ತಿಳಿಯುವುದು ಹೇಗೆ?

“ಕ್ರಿಯಾಪದ ನೋಡಿ ಅಣ್ಣಾ” ಅಂದಳು. ‘ಜೀ ಇಸ್ಟ್’ ಅಂದರೆ ಅವಳು ಇದ್ದಾಳೆ. ‘ಜೀ ಜಿಂಟ್’ ಅಂದರೆ ಅವರು ಇದ್ದಾರೆ, ಅಥವಾ ನೀವು ಇದ್ದೀರಿ. ಈ ಎರಡರ ನಡುವಿನ ವ್ಯತ್ಯಾಸ ಬರವಣಿಗೆಯಲ್ಲಿ ಮಾತ್ರ ಕಾಣುತ್ತದೆ: ಗೌರವದ ‘ಜೀ’ಯನ್ನು ವಾಕ್ಯದ ನಡುವೆ ಬಂದರೂ ದೊಡ್ಡ ಅಕ್ಷರದಿಂದಲೇ ಬರೆಯಬೇಕು. ಮಾತಿನಲ್ಲಿ ಸಂದರ್ಭವೇ ಗತಿ.

ಮೊದಲು ವಿಚಿತ್ರ ಅನ್ನಿಸಿತು. ಆಮೇಲೆ ನಮ್ಮದನ್ನೇ ನೋಡಿಕೊಂಡೆ. ‘ಅವರು ಬಂದರು’ ಅಂದರೆ ಯಾರು ಬಂದರು? ಒಬ್ಬ ಹಿರಿಯ ಗಂಡಸೋ, ಹೆಂಗಸೋ, ಹತ್ತು ಜನವೋ? ಕನ್ನಡದಲ್ಲಿ ಕ್ರಿಯಾಪದವೂ ನೆರವಿಗೆ ಬರುವುದಿಲ್ಲ. ನಾವು ಸಂದರ್ಭ ನೋಡಿಯೇ ಬದುಕಿದ್ದೇವೆ. ಒಬ್ಬರಿಗೆ ಗೌರವ ಕೊಡಬೇಕಾದರೆ ಹಲವರಂತೆ ಎಣಿಸುವುದು ನಮ್ಮಲ್ಲೂ ಇದೆ, ಅವರಲ್ಲೂ ಇದೆ.

ಇನ್ನೂ ಒಂದು ಹೋಲಿಕೆ ಇದೆ, ಇದು ನನಗೆ ಬಹಳ ಹಿಡಿಸಿತು. ಜರ್ಮನರು ಎದುರಿಗಿರುವವರಿಗೆ ಗೌರವ ಕೊಡಲು ‘ಅವರು’ ಎಂಬ ಮಾತನ್ನು ತಂದು ಕೂರಿಸಿದ್ದಾರೆ. ಎದುರಲ್ಲೇ ಇರುವವರನ್ನು ದೂರದವರಂತೆ ಮಾತಾಡಿಸುವುದು. ನಮ್ಮ ‘ತಾವು’ ಎಲ್ಲಿಂದ ಬಂತು? ‘ರಾಮನು ತಾನು ಬರುವುದಾಗಿ ಹೇಳಿದ’, ‘ಅವರು ತಾವು ಬರುವುದಾಗಿ ಹೇಳಿದರು’ ಎನ್ನುವಲ್ಲಿ ಅದು ಮೂರನೆಯವರ ಮಾತು. ಅದನ್ನೇ ‘ತಾವು ದಯಮಾಡಿಸಬೇಕು’ ಅಂತ ಎದುರಿನವರಿಗೆ ಹೇಳುತ್ತೇವೆ. ಮದುವೆ ಕಾಗದದ ‘ತಾವು’ ಮತ್ತು ಜರ್ಮನ್ ಆಫೀಸಿನ ‘ಜೀ’ ಒಂದೇ ಉಪಾಯದಿಂದ ಹುಟ್ಟಿದವು.

ಕನ್ನಡಿಗರು ಜಾರುವ ಜಾಗವೊಂದಿದೆ. ನಮಗೆ ‘ನೀವು’ ಎರಡು ಕೆಲಸ ಮಾಡುತ್ತದೆ: ಹಲವರಿಗೂ ಅದೇ, ಗೌರವಕ್ಕೂ ಅದೇ. ಜರ್ಮನ್ ಇವೆರಡನ್ನು ಬೇರೆ ಮಾಡಿದೆ. ಗೆಳೆಯರ ಗುಂಪಿಗೆ, ಮಕ್ಕಳ ಗುಂಪಿಗೆ ‘ಈರ್’. ಗೌರವಕ್ಕೆ, ಒಬ್ಬರಾಗಲಿ ಹತ್ತು ಜನರಾಗಲಿ, ‘ಜೀ’. ನಾನು ಒಂದು ವಾರ ಎಲ್ಲ ಹಿರಿಯರಿಗೂ ‘ಈರ್’ ಅನ್ನುತ್ತಿದ್ದೆ. “ಹಳೇ ಕಾಲದ ರಾಜನ ಆಸ್ಥಾನಕ್ಕೆ ಹೋಗುವುದಾದರೆ ಸರಿ ಅಣ್ಣಾ” ಅಂತ ನಕ್ಕಳು. ಹಿಂದೆ ಜರ್ಮನ್‌ನಲ್ಲೂ ಒಬ್ಬರಿಗೆ ಗೌರವದಿಂದ ‘ಈರ್’ ಅನ್ನುವ ರೂಢಿ ಇತ್ತು, ಈಗಿಲ್ಲ.

ಉ, ಅನ್ನು, ಇಂದ, ಗೆ

ಎರಡನೇ ತಿಂಗಳಿಗೆ ಮಿಷ್, ದಿಷ್, ಈನ್, ಮೀರ್, ದೀರ್, ಈಮ್ ಎಂಬ ಸೈನ್ಯ ನುಗ್ಗಿತು. ಆ್ಯಪ್‌ನಲ್ಲಿ ಇದನ್ನು ಇಂಗ್ಲಿಷ್ ಮೂಲಕ ಕಲಿಯುವಾಗ ತಲೆ ಕೆಟ್ಟಿತ್ತು. ಇಂಗ್ಲಿಷಿನಲ್ಲಿ ‘ನನ್ನನ್ನು’, ‘ನನಗೆ’ ಎರಡಕ್ಕೂ ಒಂದೇ ‘ಮೀ’. ನಮಗೆ ಹಾಗಿಲ್ಲವಲ್ಲ! ಪ್ರೈಮರಿ ಶಾಲೆಯಲ್ಲಿ ರಾಗವಾಗಿ ಬಾಯಿಪಾಠ ಮಾಡಿದ್ದು ನೆನಪಿದೆಯೆ? ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ. ಜರ್ಮನ್‌ನಲ್ಲಿ ಇರುವುದು ನಾಲ್ಕೇ ವಿಭಕ್ತಿ: ಪ್ರಥಮಾ, ದ್ವಿತೀಯಾ, ಚತುರ್ಥಿ, ಷಷ್ಠಿ. ಏಳು ನೋಡಿದವರಿಗೆ ನಾಲ್ಕು ಯಾವ ಲೆಕ್ಕ?

ನಾನು ನೋಟ್ ಪುಸ್ತಕದಲ್ಲಿ ಇಂಗ್ಲಿಷನ್ನು ಹೊಡೆದು ಹಾಕಿ ಕನ್ನಡದಲ್ಲಿ ಬರೆದುಕೊಂಡೆ:

ನಾನು ಇಷ್, ನನ್ನನ್ನು ಮಿಷ್, ನನಗೆ ಮೀರ್.
ನೀನು ದೂ, ನಿನ್ನನ್ನು ದಿಷ್, ನಿನಗೆ ದೀರ್.
ಅವನು ಏರ್, ಅವನನ್ನು ಈನ್, ಅವನಿಗೆ ಈಮ್.
ಅವಳು ಜೀ, ಅವಳನ್ನು ಜೀ, ಅವಳಿಗೆ ಈರ್.
ಅದು ಎಸ್, ಅದನ್ನು ಎಸ್, ಅದಕ್ಕೆ ಈಮ್.
ನಾವು ವೀರ್, ನಮ್ಮನ್ನು ಉನ್ಸ್, ನಮಗೂ ಉನ್ಸ್.
ಗೌರವದ ನೀವು ಜೀ, ನಿಮ್ಮನ್ನು ಜೀ, ನಿಮಗೆ ಈನೆನ್.

ಈನ್ ಮತ್ತು ಈಮ್ ಕಲಸಿ ಹೋಗುತ್ತಿದ್ದವು. ‘ಅವನನ್ನು’ ಎಂಬಲ್ಲಿ ‘ನ್ನು’ ಇದೆ, ‘ಈನ್’ನಲ್ಲೂ ‘ನ್’ ಇದೆ ಅಂತ ನೆನಪಿಟ್ಟುಕೊಂಡೆ. ಅಂದಿನಿಂದ ತಪ್ಪಿಲ್ಲ. ಕನ್ನಡಿಗರಿಗೆ ಮಾತ್ರ ಸಿಗುವ ಪುಕ್ಕಟೆ ಅನುಕೂಲ ಇದು.

ಚತುರ್ಥಿಯಂತೂ ತವರುಮನೆ. ಚಳಿಯಾದರೆ ನಾವು ‘ನಾನು ಚಳಿಯಾಗಿದ್ದೇನೆ’ ಅನ್ನುತ್ತೇವೆಯೆ? ‘ನನಗೆ ಚಳಿ’ ಅನ್ನುತ್ತೇವೆ. ಜರ್ಮನರೂ ಹಾಗೇ: ‘ಮೀರ್ ಇಸ್ಟ್ ಕಾಲ್ಟ್’. ನನಗೆ ಹಿಡಿಸುತ್ತದೆ, ನನಗೆ ರುಚಿಸುತ್ತದೆ, ಇದು ನನಗೆ ಸೇರಿದ್ದು, ನಿನಗೆ ಸಹಾಯ ಮಾಡುತ್ತೇನೆ: ನಾವು ‘ಗೆ’ ಹಾಕುವ ಕಡೆ ಇಲ್ಲೆಲ್ಲ ಅವರೂ ಚತುರ್ಥಿಯನ್ನೇ ಹಾಕುತ್ತಾರೆ. ಇಂಗ್ಲಿಷ್ ಮೂಲಕ ಹೋದವರು ‘ಇಷ್ ಬಿನ್ ಕಾಲ್ಟ್’ ಅಂದು ತಾವು ತಣ್ಣನೆ ಸ್ವಭಾವದವರು ಎಂದು ಹೇಳಿಕೊಂಡಂತೆ ಆಗುತ್ತದೆ. ಚೆನ್ನೈನ ಮೇ ತಿಂಗಳಲ್ಲಿ ‘ಇಷ್ ಬಿನ್ ಹೈಸ್’ ಅಂದರಂತೂ ಸೆಕೆಯ ಮಾತಾಗುವುದಿಲ್ಲ, ಬೇರೆಯೇ ಅರ್ಥ ಬರುತ್ತದೆ. ಅದನ್ನು ಇಲ್ಲಿ ಬರೆಯಲಾರೆ. ‘ಮೀರ್ ಇಸ್ಟ್ ಹೈಸ್’ ಅನ್ನಿ, ಮರ್ಯಾದೆ ಉಳಿಯುತ್ತದೆ.

ಎಲ್ಲ ಕಡೆ ಈ ಹೊಂದಿಕೆ ಇಲ್ಲ. ‘ನನಗೆ ಹಸಿವು’ ಅನ್ನಲು ಅವರು ‘ನಾನು ಹಸಿವು ಹೊಂದಿದ್ದೇನೆ’ ಎಂಬಂತೆ ಹೇಳುತ್ತಾರೆ. ಇನ್ನೊಂದು, ನಾವು ‘ಬಂದೆ’, ‘ಉಂಡೆ’ ಅಂತ ನಾನು ಬಿಟ್ಟು ಮಾತಾಡಿ ರೂಢಿ. ಜರ್ಮನ್‌ನಲ್ಲಿ ಸರ್ವನಾಮ ಸಾಮಾನ್ಯವಾಗಿ ಬಿಡುವಂತಿಲ್ಲ. ಮಳೆ ಬರುತ್ತಿದೆ ಅನ್ನಲು ಕೂಡ ‘ಎಸ್ ರೇಗ್ನೆಟ್’, ‘ಅದು ಮಳೆಗರೆಯುತ್ತಿದೆ’. ಯಾವುದು ಅದು? ಯಾವುದೂ ಅಲ್ಲ. ಖಾಲಿ ಕುರ್ಚಿಗೆ ಒಂದು ಟವೆಲು ಹಾಕಿದ ಹಾಗೆ.

ಬಂದರಿನಲ್ಲಿ ಅವನು, ಅವಳು, ಅದು

ಒಂದು ಭಾನುವಾರ ಬೆಳಿಗ್ಗೆ ಗುರು ಶಿಷ್ಯ ಇಬ್ಬರೂ ಅಕ್ಕನ ಬುಟ್ಟಿಯ ಹತ್ತಿರ ನಿಂತಿದ್ದೆವು. ಭಾನುವಾರ ಕಾಸಿಮೇಡಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕಾಲಡಿಯಲ್ಲಿ ಐಸ್ ನೀರು, ತಲೆಯ ಮೇಲೆ ಕೊಕ್ಕರೆ, ಸುತ್ತಲೂ ಏಲಂ ಕೂಗು. ಹುಡುಗಿ ವಂಜಿರಂ ಕಡೆ ಬೆರಳು ತೋರಿಸಿ “ಏರ್ ಇಸ್ಟ್ ಫ್ರಿಷ್” ಅಂದಳು. ಅವನು ತಾಜಾ ಇದ್ದಾನೆ. ಸೀಗಡಿಯ ಕಡೆ ತೋರಿಸಿ “ಜೀ ಇಸ್ಟ್ ಟೊಯರ್”, ಅವಳು ದುಬಾರಿ. ಬಲೆಗೆ “ಎಸ್”. ಮೀನು ಗಂಡು, ಸೀಗಡಿ ಹೆಣ್ಣು, ಬಲೆ ನಪುಂಸಕ. ಊಟದ ಮೇಜಿನಲ್ಲಿ ಚಮಚ ಗಂಡು, ಫೋರ್ಕ್ ಹೆಣ್ಣು, ಚಾಕು ನಪುಂಸಕ. ಹೋಗಲಿ, ಎದುರಿಗಿದ್ದ ಸಮುದ್ರ? ‘ದೀ ಜೇ’ ಅಂದರೆ ಸಮುದ್ರ, ಹೆಣ್ಣು. ಅದೇ ಪದವನ್ನು ‘ದೇರ್ ಜೇ’ ಅಂತ ಗಂಡು ಮಾಡಿದರೆ ಸರೋವರ. ‘ದಾಸ್ ಮೇರ್’ ಅಂದರೆ ಮತ್ತೆ ಸಮುದ್ರವೇ, ಈ ಸಲ ನಪುಂಸಕ.

ನಮಗೆ ಲಿಂಗ ಅರ್ಥದಿಂದ ಬರುತ್ತದೆ. ಮನುಷ್ಯರಾದರೆ ಅವನು, ಅವಳು, ಉಳಿದದ್ದು ಅದು. ಅವರಿಗೆ ಅದು ಪದದ ಜೊತೆಗೇ ಹುಟ್ಟಿ ಬರುತ್ತದೆ, ಆದ್ದರಿಂದ ಪ್ರತಿ ನಾಮಪದವನ್ನೂ ದೇರ್, ದೀ, ದಾಸ್ ಸೇರಿಸಿಯೇ ಬಾಯಿಪಾಠ ಮಾಡಬೇಕು. ಅಡ್ಡದಾರಿ ಇಲ್ಲ. ಹುಡುಗಿ ಎಂಬರ್ಥದ ‘ಮೇಟ್‌ಷೆನ್’ ನಪುಂಸಕ ಅಂದಾಗ ನನಗೆ ಸಿಟ್ಟೇ ಬಂತು. ಕಾರಣ ಸರಳ: ಪದದ ಕೊನೆಗೆ ‘ಷೆನ್’ ಬಂದರೆ ಅದು ಪುಟ್ಟದು, ಮುದ್ದಿನದು ಎಂದು ಸೂಚನೆ, ಅಂಥ ಪದಗಳೆಲ್ಲ ನಪುಂಸಕ.

ಆಮೇಲೆ ನಮ್ಮ ಮನೆ ಕಡೆ ತಿರುಗಿ ನೋಡಿದರೆ ನಾವೇನು ಕಮ್ಮಿ? ‘ಮಗು ಅಳುತ್ತಿದೆ’ ಅನ್ನುತ್ತೇವೆ, ಅಳುತ್ತಿದ್ದಾಳೆ ಅನ್ನುವುದಿಲ್ಲ. ನನ್ನ ಹವ್ಯಕ ಗೆಳೆಯನ ಮನೆಯಲ್ಲಿ ಹೆಂಗಸರಿಗೂ ‘ಅದು ಬಂತು’ ಎಂದೇ ಮಾತು, ಅದರಲ್ಲಿ ಅಗೌರವ ಲವಲೇಶವೂ ಇಲ್ಲ. ತೆಲುಗಿನಲ್ಲೂ ಏಕವಚನದಲ್ಲಿ ಹೆಂಗಸಿಗೂ ವಸ್ತುವಿಗೂ ಕ್ರಿಯಾಪದ ಒಂದೇ. ಇತ್ತ ಸೂರ್ಯ ಹುಟ್ಟಿದ, ಚಂದ್ರ ಮೂಡಿದ ಅಂತ ಆಕಾಶದಲ್ಲಿರುವವರನ್ನು ಗಂಡಸರ ಲೆಕ್ಕಕ್ಕೆ ಸೇರಿಸಿದ್ದೇವೆ. ಜರ್ಮನ್‌ನಲ್ಲಿ ಚಂದ್ರ ಗಂಡು, ಸೂರ್ಯ ಹೆಣ್ಣು.

ಅವರು ಮೊದಲು ನಮ್ಮದನ್ನು ಕಲಿತರು

ಕಷ್ಟವಾದಾಗಲೆಲ್ಲ ನಾನು ನೆನೆಸಿಕೊಳ್ಳುವುದು ಫರ್ಡಿನೆಂಡ್ ಕಿಟ್ಟೆಲ್ ಅವರನ್ನು. 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿ, 1853ರಲ್ಲಿ ಬಾಸೆಲ್ ಮಿಶನ್ ಕಡೆಯಿಂದ ಇಲ್ಲಿಗೆ ಬಂದವರು. ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಿಂದ ಹೊರಬಂತು, ಸುಮಾರು 70,000 ಪದಗಳು. ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿದರು, 1903ರಲ್ಲಿ ಕನ್ನಡ ವ್ಯಾಕರಣ ಬರೆದರು, ಅದೇ ವರ್ಷ ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡರು. ಮೊದಲ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಶುರು ಮಾಡಿದ ಹರ್ಮನ್ ಮೋಗ್ಲಿಂಗ್ ಕೂಡ ಜರ್ಮನ್ನರೇ.

ಮದರಾಸಿಗೂ ಇಂಥದೇ ಕಥೆ ಇದೆ. ಕಾಸಿಮೇಡಿನಿಂದ ಕೆಲವೇ ಕಿಲೋಮೀಟರ್ ದೂರದ ವೇಪೇರಿಯಲ್ಲಿ ಇದ್ದುಕೊಂಡು ಫಾಬ್ರಿಸಿಯಸ್ ಎಂಬ ಜರ್ಮನ್ ಪಾದ್ರಿ ತಮಿಳು–ಇಂಗ್ಲಿಷ್ ನಿಘಂಟು ಮಾಡಿದರು. 1779ರಲ್ಲಿ ಅಲ್ಲೇ ಅಚ್ಚಾಯಿತು. ಆ್ಯಪ್ ಇಲ್ಲ, ಯೂಟ್ಯೂಬ್ ಇಲ್ಲ. ಇವರೆಲ್ಲ ‘ನೀನು’, ‘ನೀವು’ಗಳಲ್ಲಿ ಎಷ್ಟು ಸಲ ಎಡವಿ, ಯಾರ ಮುಂದೆ ಕಿವಿ ಬಿಸಿ ಮಾಡಿಕೊಂಡಿರಬೇಕು! ಅವರಿಗೆ ಆಗಿದ್ದು ನಮಗೆ ಆಗದೆ ಇರುತ್ತದೆಯೆ?

ಅಜ್ಜಿಗೆ ಬೇಜಾರಾದ ಗೌರವ

ದೂ ಯಾರಿಗೆ, ಜೀ ಯಾರಿಗೆ ಎಂಬುದಕ್ಕೆ ಪುಸ್ತಕದಲ್ಲಿ ನಿಯಮ ಇದೆ. ಮನೆಯವರಿಗೆ, ಗೆಳೆಯರಿಗೆ, ಮಕ್ಕಳಿಗೆ, ನಾಯಿ ಬೆಕ್ಕಿಗೆ, ದೇವರಿಗೆ ದೂ. ಅಪರಿಚಿತ ದೊಡ್ಡವರಿಗೆ, ಅಂಗಡಿ, ಆಸ್ಪತ್ರೆ, ಕಚೇರಿಗಳಲ್ಲಿ ಜೀ. ಜೀಯಿಂದ ದೂಗೆ ಇಳಿಯುವುದಕ್ಕೆ ಒಂದು ಶಿಷ್ಟಾಚಾರವೇ ಇದೆ: ವಯಸ್ಸಿನಲ್ಲಿ ಅಥವಾ ಹುದ್ದೆಯಲ್ಲಿ ದೊಡ್ಡವರು “ಇನ್ನು ದೂ ಅನ್ನೋಣವೇ?” ಎಂದು ಮೊದಲು ಕೇಳಬೇಕು. ಚಿಕ್ಕವರು ಕೇಳುವಂತಿಲ್ಲ. ಈಗ ಎಷ್ಟೋ ಕಂಪನಿಗಳಲ್ಲಿ ಎಲ್ಲರೂ ಎಲ್ಲರಿಗೂ ದೂ ಅನ್ನುತ್ತಾರೆ, ಆದರೂ ಅನುಮಾನ ಬಂದರೆ ಜೀ ಕ್ಷೇಮ.

ಇದನ್ನು ನಾನು ‘ದೂ ಅಂದರೆ ಅಗೌರವ, ಜೀ ಅಂದರೆ ಗೌರವ’ ಎಂದು ಸುಲಭ ಮಾಡಿಕೊಂಡಿದ್ದೆ. ಆ ತಿಳಿವಳಿಕೆ ತಪ್ಪು ಎಂದು ತೋರಿಸಿಕೊಟ್ಟವರು ನನ್ನ ಅಮ್ಮ.

ನನ್ನ ಮಗಳಿಗೆ ಎಂಟು ವರ್ಷ. ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ತಮಿಳು. ಕನ್ನಡ ನಮ್ಮಿಬ್ಬರಿಂದ ಕಲಿತದ್ದಷ್ಟೇ. ಮರ್ಯಾದೆಯ ಹುಡುಗಿಯಾಗಲಿ ಅಂತ ದೊಡ್ಡವರಿಗೆಲ್ಲ ‘ನೀವು’ ಅನ್ನಬೇಕು ಎಂದು ನಾವೇ ಹೇಳಿಕೊಟ್ಟಿದ್ದೆವು. ಒಂದು ದಿನ ಫೋನಿನಲ್ಲಿ ಊರಿನ ಅಜ್ಜಿಗೆ “ನೀವು ಊಟ ಮಾಡಿದ್ರಾ?” ಅಂದಳು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಎಂತ ಹೆಣೆ, ನಾನ್ ಎಂತ ಹೊರ್ಗಿನಳಾ? ನೀವ್ ಅಂಬ್ದ್ ಎಂತಕ್?”

ನಗುತ್ತಲೇ ಹೇಳಿದರು. ಆದರೆ ರಾತ್ರಿ ನನಗೆ ಬೇರೆಯಾಗಿ ಫೋನ್ ಮಾಡಿ, “ಮಗು ನನ್ನ ಗುರ್ತ ಮರ್ತಿತಾ?” ಅಂತ ಕೇಳಿದರು. ನಮ್ಮ ಮನೆಯಲ್ಲಿ ಅಮ್ಮನಿಗೆ, ಅಜ್ಜಿಗೆ ಯಾರೂ ನೀವು ಅಂದಿದ್ದಿಲ್ಲ. ನಾನು ಇವತ್ತಿಗೂ ಅಮ್ಮನಿಗೆ ‘ನೀನು’ ಎಂದೇ ಅನ್ನುವುದು. ನೂರಾರು ಕಿಲೋಮೀಟರ್ ದೂರದಲ್ಲಿರುವ ಮೊಮ್ಮಗಳು ಒಂದು ‘ನೀವು’ ಹಾಕಿ ಇನ್ನಷ್ಟು ದೂರ ತಳ್ಳಿದ್ದಳು. ತಪ್ಪು ಅವಳದಲ್ಲ, ಕಲಿಸಿದ ನಮ್ಮದು.

ನಾನು ಜರ್ಮನ್ ಹಿರಿಯರಿಗೆ ದೂ ಅಂದು ಮಾಡಿದ ತಪ್ಪು, ಮಗಳು ಅಜ್ಜಿಗೆ ನೀವು ಅಂದು ಮಾಡಿದ ತಪ್ಪು, ಎರಡೂ ಒಂದೇ. ಸರ್ವನಾಮ ಹೇಳುವುದು ಯಾರು ದೊಡ್ಡವರು ಎಂದಷ್ಟೇ ಅಲ್ಲ. ನಾವು ಎಷ್ಟು ದೂರ ನಿಂತಿದ್ದೇವೆ ಎಂದೂ ಹೇಳುತ್ತದೆ.

ನಮ್ಮ ಮತ್ತು ಎಂಗ

ಕನ್ನಡದಲ್ಲಿ ‘ನಾವು’ ಒಂದೇ, ಜರ್ಮನ್‌ನಲ್ಲೂ ‘ವೀರ್’ ಒಂದೇ. ತಮಿಳಿನಲ್ಲಿ ಎರಡು. ಕೇಳುವವರನ್ನೂ ಸೇರಿಸಿಕೊಂಡರೆ ‘ನಾಮ’, ‘ನಮ್ಮ’. ಅವರನ್ನು ಬಿಟ್ಟು ನಾವು ಮಾತ್ರ ಆದರೆ ‘ನಾಂಗ’, ‘ಎಂಗ’. ಚೆನ್ನೈಗೆ ಬಂದ ಹೊಸತರಲ್ಲಿ ಇದು ಗೊತ್ತಿಲ್ಲದೆ ಓನರ್ ಅಕ್ಕನ ಹತ್ತಿರ “ನಮ್ಮ ವೀಡು” ಸೋರುತ್ತಿದೆ ಅಂದಿದ್ದೆ. ಬಾಡಿಗೆದಾರ ಬಂದು ನಿನ್ನದೂ ನನ್ನದೂ ಆದ ಮನೆ ಅಂದರೆ ಹೇಗೆ! ಅಕ್ಕ ಸೊಂಟಕ್ಕೆ ಕೈಯಿಟ್ಟು ನಕ್ಕಿದ್ದರು. ಉಡುಪಿಯವಳಾದ ನನ್ನ ಹೆಂಡತಿ, “ನಮ್ಮ ತುಳುವಲ್ಲೂ ಉಂಟಲ್ಲ, ‘ನಮ’ ಬೇರೆ ‘ಎಂಕುಳು’ ಬೇರೆ. ನಿಮ್ಮ ಕನ್ನಡದವರಿಗೆ ಮಾತ್ರ ಗೊತ್ತಾಗುದಿಲ್ಲ” ಅಂದಳು.

ಅಂದಿನಿಂದ ಅಕ್ಕ ನಮ್ಮ ಹತ್ತಿರ ಮಾತಾಡುವಾಗ ನಾನು ಕಿವಿಗೊಟ್ಟು ಕೇಳುತ್ತಿದ್ದೆ. ‘ಎಂಗ ಜನ’, ‘ಎಂಗ ಕಡಲು’, ‘ಎಂಗ ಪೊಣ್ಣು’. ಹನ್ನೊಂದು ವರ್ಷ ಒಂದೇ ಮನೆಯಲ್ಲಿದ್ದರೂ ನಾವು ಆ ‘ಎಂಗ’ದ ಹೊರಗಿನವರು. ಅದರಲ್ಲಿ ತಪ್ಪೂ ಇಲ್ಲ.

ಮಾರ್ಚ್‌ನಲ್ಲಿ ಹುಡುಗಿ ಬಿ1 ಪರೀಕ್ಷೆಗೆ ಕೂತಳು. ಓದುವುದು, ಕೇಳುವುದು, ಬರೆಯುವುದು, ಮಾತಾಡುವುದು ಎಂದು ನಾಲ್ಕು ಭಾಗ. ಪ್ರತಿಯೊಂದರಲ್ಲೂ ನೂರಕ್ಕೆ ಅರವತ್ತು ಬರಬೇಕು. ಮೂರರಲ್ಲಿ ಪಾಸು, ಮಾತಿನಲ್ಲಿ ಹೋಯಿತು. ಆದದ್ದು ಇಷ್ಟೇ. ಜೊತೆಯ ಅಭ್ಯರ್ಥಿಯ ಹತ್ತಿರ ದೂ ಅಂತ ಚೆನ್ನಾಗಿ ಮಾತಾಡುತ್ತಿದ್ದಳು. ಪರೀಕ್ಷಕರು ಪ್ರಶ್ನೆ ಕೇಳಿದಾಗ ಅದೇ ಭರದಲ್ಲಿ ಅವರಿಗೂ ದೂ ಅಂದಳು. ಪರೀಕ್ಷಕರು ಏನೂ ಅನ್ನಲಿಲ್ಲ. ಇವಳಿಗೇ ಅರಿವಾಗಿ, ಗಾಬರಿಯಾಗಿ, ಆಮೇಲೆ ಬಾಯೇ ಕಟ್ಟಿಹೋಯಿತು. “ಕಾಸಿಮೇಡಲ್ಲಿ ಬೆಳೆದ ಬಾಯಿ ಅಣ್ಣಾ” ಅಂತ ಅತ್ತಳು. ಇಲ್ಲಿ ಬಂದರಿನಲ್ಲಿ ಹಿರಿಯರಿಗೂ “ಅಣ್ಣಾ, ನೀ ವಾ” ಅನ್ನುವುದೇ ಮಾಮೂಲು. ಗೌರವ ಇರುವುದು ‘ಅಣ್ಣಾ’ದಲ್ಲಿ, ‘ನೀ’ ಇರುವುದು ಸಲಿಗೆಗೆ. ಜರ್ಮನ್‌ನಲ್ಲಿ ಆ ‘ಅಣ್ಣಾ’ ಇಲ್ಲ.

ಹೋದ ಭಾಗಕ್ಕೆ ಮಾತ್ರ ಮತ್ತೆ ಕೂರಬಹುದು. ಆದರೆ ಅಷ್ಟರಲ್ಲಿ ಏಪ್ರಿಲ್ 15 ಬಂತು. ಅಲ್ಲಿಂದ ಜೂನ್ 14ರವರೆಗೆ, 61 ದಿನ, ಪೂರ್ವ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳು ಮೀನಿಗೆ ಹೋಗುವಂತಿಲ್ಲ. ಮೀನು ಮರಿ ಹಾಕುವ ಕಾಲ. ಸಣ್ಣ ದೋಣಿಯವರು ತಂದ ಅಷ್ಟಿಷ್ಟು ಮೀನಿನಲ್ಲಿ ಅಕ್ಕನಂಥವರ ಸಂಸಾರ ಸಾಗಬೇಕು. ಪರೀಕ್ಷೆ ಫೀಸು, ಬಿ2 ಕ್ಲಾಸಿನ ಫೀಸು ಎಲ್ಲಿಂದ? ನಾನು ಕೊಡುತ್ತೇನೆ ಅಂದೆ. ಅಕ್ಕ ತಲೆಯಾಡಿಸಿದರು. “ಉಂಗ ಕಾಸು ವೇಣಾಂ ತಂಬಿ.” ನಿಮ್ಮ ದುಡ್ಡು ಬೇಡ. ಆ ‘ಉಂಗ’ದಲ್ಲಿ ಗೌರವವೂ ಇತ್ತು, ಗೋಡೆಯೂ ಇತ್ತು. ಕೊನೆಗೆ ಹೆಂಡತಿ ದಾರಿ ಹುಡುಕಿದಳು. ಮೂರು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೊಟ್ಟೆವು. ಅದನ್ನು ಅಕ್ಕ ತೆಗೆದುಕೊಂಡರು, ಅದು ಅವರದೇ ದುಡ್ಡು.

ಮೇ ತಿಂಗಳೆಲ್ಲ ಮಹಡಿಯಲ್ಲಿ ನಾನು ಪರೀಕ್ಷಕ. ನನ್ನ ಎ1 ಜರ್ಮನ್‌ನಲ್ಲೇ ಪ್ರಶ್ನೆ ಕೇಳುವುದು, ಅವಳು ಪ್ರತಿ ಸಲ ಜೀ ಎಂದು ಉತ್ತರಿಸುವುದು. ದೂ ಬಂದರೆ ಒಂದು ರೂಪಾಯಿ ದಂಡ. ಒಂದು ಸಂಜೆ ಕೆಳಗಿನಿಂದ ಹತ್ತಿ ಬಂದ ಅಕ್ಕ ಇದನ್ನೆಲ್ಲ ಕೇಳಿ ನನ್ನನ್ನು ಕೇಳಿದರು: “ಆ ಭಾಷೆಯಲ್ಲಿ ಅಮ್ಮನನ್ನು ಹೇಗೆ ಕರೀತಾರೆ ತಂಬಿ? ಅದೇ ದೊಡ್ಡ ಮಾತಾ?”

ಇಲ್ಲ ಅಕ್ಕಾ, ಅಮ್ಮನಿಗೆ ದೂ, ಅಂದೆ. ದೇವರಿಗೂ ದೂ.

ಅಕ್ಕ ಮಗಳ ಕಡೆ ನೋಡಿದರು. “ಆಗ ಸರಿ” ಅಂದು ಒಣಗಿದ ಬಟ್ಟೆ ಎತ್ತಿಕೊಂಡು ಇಳಿದು ಹೋದರು. ಅವರಿಗೆ ಇಷ್ಟು ದಿನ ಕೊರೆಯುತ್ತಿದ್ದದ್ದು ಫೀಸಿನ ಚಿಂತೆ ಒಂದೇ ಅಲ್ಲ ಎಂದು ಆಗ ತಿಳಿಯಿತು.

ಜೂನ್‌ನಲ್ಲಿ ಫಲಿತಾಂಶ ಬಂತು. ಮಾತಿನ ಭಾಗದಲ್ಲಿ 78. ಈಗ ಅವಳು ಬಿ2 ಕ್ಲಾಸಿಗೆ ಹೋಗುತ್ತಿದ್ದಾಳೆ. ಜರ್ಮನಿ ಇನ್ನೂ ದೂರ ಇದೆ. ನನ್ನ ಎ1 ಪರೀಕ್ಷೆ ಮುಂದಿನ ತಿಂಗಳು. ಆ ಕ್ಲೈಂಟ್ ಮುಖ್ಯಸ್ಥರಿಗೆ ಆಮೇಲೆ ಸರಿಯಾದ ಜೀ ಹಾಕಿ ಕ್ಷಮೆ ಕೇಳಿ ಬರೆದೆ. ಅವರು ಜರ್ಮನ್‌ನಲ್ಲೇ, ಜೀ ಹಾಕಿಯೇ, ‘ನಿಮ್ಮ ಜರ್ಮನ್ ಚೆನ್ನಾಗಿ ಬರುತ್ತಿದೆ’ ಎಂದು ಉತ್ತರಿಸಿದರು. ದೂ ಅನ್ನೋಣ ಅಂತ ಅವರು ಇನ್ನೂ ಹೇಳಿಲ್ಲ. ಹೇಳದಿದ್ದರೂ ಪರವಾಗಿಲ್ಲ. ಮಗಳು ಮಾತ್ರ ಈಗ ಅಜ್ಜಿಗೆ “ನೀನ್ ಉಂಡ್ಯಾ?” ಅನ್ನುತ್ತಾಳೆ, ಅಜ್ಜಿ ಫೋನು ಇಡುವುದೇ ಇಲ್ಲ.

ನಿಷೇಧ ಮುಗಿದ ಮೇಲಿನ ಮೊದಲ ಭಾನುವಾರ ಬಂದರಿಗೆ ಹೋಗಿದ್ದೆ. ದೊಡ್ಡ ದೋಣಿಗಳೆಲ್ಲ ಬಂದು ಬುಟ್ಟಿ ತುಂಬಿದ್ದವು. ಅಕ್ಕನ ಪಕ್ಕದಲ್ಲಿ ಕೂತ ಹೆಂಗಸು ನನಗೆ ಮೀನಿನ ಬೆಲೆ ಏರಿಸಿ ಹೇಳಿದಳು, ಹೊರಗಿನವನು ಅಂತ. ಅಕ್ಕ ಅತ್ತ ತಿರುಗಿ ಗದರಿದರು: “ಏಯ್, ಅವರು ನಮ್ಮ ಆಳು.”

ಬಂಗುಡೆ ತೂಕ ಹಾಕಿಸಿಕೊಂಡು ಮನೆಗೆ ಬಂದೆ. ಆ ‘ನಮ್ಮ’ಕ್ಕೆ ಜರ್ಮನ್‌ನಲ್ಲಿ ಸರಿಯಾದ ಪದ ಇಲ್ಲ. ಕನ್ನಡದಲ್ಲಿ ಪದ ಇದೆ. ಯಾರನ್ನು ಸೇರಿಸಿಕೊಂಡು ಹೇಳುತ್ತೇವೆ ಎಂಬುದು ನಮಗೆ ಬಿಟ್ಟದ್ದು.